ಮರಾಠಿ ಮರೆತ ಗೌಂಡಿಯನ್ನು ಮನೆಗೆ ಕಳಿಸಿದ್ದು

ಫೈಲಿನಲ್ಲಿ ಒಂಬತ್ತು ದಿನದಿಂದ ಒಂದೇ ಮಾತು ಬರೆದಿತ್ತು: ರೋಗಿ ಅಸಂಬದ್ಧವಾಗಿ ಮಾತಾಡುತ್ತಾರೆ. ಬೆಳಗಿನ ಪಾಳಿಯ ನರ್ಸು ಬರೆದಿದ್ದಳು. ಮಧ್ಯಾಹ್ನದವಳು ಅದನ್ನೇ ನೋಡಿ ಬರೆದಿದ್ದಳು. ನಾನು ಆ ಫೈಲು ಕೈಗೆತ್ತಿಕೊಂಡದ್ದು ಅವರನ್ನು ಮನೆಗೆ ಕಳಿಸುವ ತಯಾರಿಗೆ. ಪುಣೆಯ ಶಿವಾಜಿನಗರದ ಸಮೀಪದ ಒಂದು ಆಸ್ಪತ್ರೆಯಲ್ಲಿ ನನ್ನ ಕೆಲಸವೇ ಅದು. ಡಾಕ್ಟರು "ಇನ್ನು ಮನೆಗೆ ಹೋಗಬಹುದು" ಎಂದು ಹೇಳಿ ಮುಂದಿನ ಹಾಸಿಗೆಗೆ ನಡೆಯುತ್ತಾರೆ. ಆ ಮನೆಯಲ್ಲಿ ಮಂಚ ಎಲ್ಲಿ ಹಾಕುವುದು, ಊಟ ಯಾರು ಕೊಡುವುದು, ಮಗ್ಗಲು ಯಾರು ಬದಲಿಸುವುದು ಎಂಬುದನ್ನು ನೋಡುವವಳು ನಾನು.

ಅಜ್ಜನಿಗೆ ಎಪ್ಪತ್ತಾರು ವರ್ಷ. ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು. ನುಂಗಲು ಬರುತ್ತಿರಲಿಲ್ಲ. ನೀರು ಕೊಟ್ಟರೆ ಶ್ವಾಸನಾಳಕ್ಕೆ ಇಳಿಯುತ್ತಿತ್ತು, ಹಾಗಾಗಿ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದ್ದರು. ಬೆನ್ನಿಗೆ ಹುಣ್ಣಾಗಿದೆಯೇ ಎಂದು ನೋಡಲು ನಾನು ಅಂಗಿ ಎತ್ತಿದಾಗ ಅವರು ಬಾಯಿಯ ಒಂದು ಬದಿಯಿಂದ ಏನೋ ಅಂದರು. ನಾನು ಕಿವಿ ಹತ್ತಿರ ತಂದೆ. ಮತ್ತೆ ಅಂದರು.

"ಮಗ್ಗಲಾ ಹೊಳ್ಳಸವ್ವಾ."

ನಾನು ವಿಜಯಪುರದವಳು. ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ವಾರ್ಡಿನಲ್ಲಿ ಆ ಮಾತು ಕೇಳಿ ನನಗೆ ಒಂದು ಕ್ಷಣ ತಿಳಿಯಲೇ ಇಲ್ಲ. ಆಮೇಲೆ ಕೇಳಿದೆ, ಯಾವ ಮಗ್ಗಲಿಗೆ ಹೊಳ್ಳಿಸಲಿ ಎಂದು. ಅವರು ನನ್ನ ಮುಖವನ್ನೇ ನೋಡಿದರು. ನಂತರ ಎಡಗೈ ಎತ್ತಿ ಕಿಟಕಿಯ ಕಡೆ ತೋರಿಸಿದರು. ಒಂಬತ್ತು ದಿನದಿಂದ ಆ ಮನುಷ್ಯ ಮಗ್ಗಲು ಬದಲಿಸಿರಿ ಎಂದು ಕೇಳುತ್ತಿದ್ದರು, ನಾವು ಅದನ್ನು ಅಸಂಬದ್ಧ ಎಂದು ಬರೆಯುತ್ತಿದ್ದೆವು. ಟೊಂಕದ ಕೆಳಗೆ ಚರ್ಮ ಕೆಂಪಾಗಿತ್ತು, ಪುಣ್ಯಕ್ಕೆ ಒಡೆದಿರಲಿಲ್ಲ.

ಮಾತಿನ ತರಬೇತಿ ಕೊಡುವ ತಜ್ಞೆಯನ್ನು ಕರೆಸಿದೆ. ನಾನು ನಡುವೆ ಕುಳಿತು ಕನ್ನಡದಲ್ಲಿ ಕೇಳಿದೆ, ಆಕೆ ಪರೀಕ್ಷೆ ಮಾಡಿದಳು. ಕಣ್ಣು ಮುಚ್ಚಿರಿ ಎಂದರೆ ಮುಚ್ಚುತ್ತಿದ್ದರು. ಚಮಚ ತೋರಿಸಿರಿ ಎಂದರೆ ತೋರಿಸುತ್ತಿದ್ದರು. ಅದೇ ಮಾತನ್ನು ಮರಾಠಿಯಲ್ಲಿ ಹೇಳಿದರೆ ಪರದೇಶದವರ ಮುಂದೆ ಕುಳಿತಂತೆ ಸುಮ್ಮನಿರುತ್ತಿದ್ದರು. ಎರಡು ಭಾಷೆ ಆಡುವವರಿಗೆ ಲಕ್ವಾ ಹೊಡೆದಾಗ ಒಂದು ಉಳಿದು ಇನ್ನೊಂದು ಹೋಗುವುದುಂಟು, ಹೋದದ್ದು ಮರಳಬಹುದು, ಮರಳದೆಯೂ ಇರಬಹುದು ಎಂದು ತಜ್ಞೆ ಹೇಳಿದಳು.

ಸಂಜೆ ಅವರ ಮಗಳು ಬಂದಳು. ನಲವತ್ತರ ಹೆಂಗಸು, ನಗರದ ಬಸ್ಸಿನ ಕಂಡಕ್ಟರ್, ಖಾಕಿ ಅಂಗಿಯಲ್ಲೇ ಇದ್ದಳು. ಮನೆಯಲ್ಲಿ ಅವಳು ಮತ್ತು ಅಪ್ಪ ಇಬ್ಬರೇ. ತಂದೆಯ ಮಾತು ಕನ್ನಡ ಎಂದು ನಾನು ಹೇಳಿದಾಗ ಅವಳಿಗೆ ಖುಷಿಯಾಗುತ್ತದೆಂದು ಎಣಿಸಿದ್ದೆ. ಅವಳ ಮುಖ ಬಿಳಿಚಿಕೊಂಡಿತು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ತಾಯಿ ಶಿರೂರು ಕಡೆಯ ಮರಾಠಿ ಹೆಂಗಸು, ತೀರಿಹೋಗಿ ಆರು ವರ್ಷ. ತಂದೆ ಹದಿನೆಂಟನೇ ವಯಸ್ಸಿಗೆ ಅಫಜಲಪುರದ ಕಡೆಯಿಂದ ಕೂಲಿಗೆ ಬಂದವರು, ಕಲಿತು ಗೌಂಡಿಯಾದವರು, ಪುಣೆಯ ಎಷ್ಟೋ ಗೋಡೆ ಕಟ್ಟಿದವರು. ಕೆಲಸದ ಜಾಗದಲ್ಲಿ ಕೂಲಿಗಳ ಜೊತೆ ಆ ಭಾಷೆ ಆಡುತ್ತಿದ್ದರಂತೆ. ಮನೆಗೆ ಬಂದರೆ ಮರಾಠಿ. ಮಗಳ ಜೊತೆ ಅವರು ಜೀವಮಾನದಲ್ಲಿ ಆಡಿದ ಒಂದೊಂದು ಮಾತೂ ಮರಾಠಿಯದು. ಅವೆಲ್ಲ ಈಗ ಅವರ ತಲೆಯಲ್ಲಿ ಇರಲಿಲ್ಲ.

ನಾಲ್ಕು ದಿನದಲ್ಲಿ ಬಿಡುಗಡೆ ಎಂದು ಡಾಕ್ಟರು ತೀರ್ಮಾನಿಸಿದರು. ನಾನು ಮನೆ ನೋಡಲು ಹೋದೆ. ಸ್ವಾರಗೇಟ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹಳೆಯ ಕಟ್ಟಡ, ಎರಡನೇ ಮಹಡಿ, ಲಿಫ್ಟಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ. ಅಳತೆಯ ಟೇಪು ಹಿಡಿದು ಮೆಟ್ಟಿಲ ತಿರುವು ಅಳೆದೆ, ಸ್ಟ್ರೆಚರು ತಿರುಗುವುದಿಲ್ಲ ಎಂದು ಗೊತ್ತಾಯಿತು. ಕೈಯಿರುವ ಕುರ್ಚಿಯಲ್ಲಿ ಕೂಡಿಸಿ, ಎದೆಗೆ ಸೀರೆ ಕಟ್ಟಿ ನಾಲ್ಕು ಜನ ಹೊರಬೇಕು. ತಲೆಯ ಭಾಗ ಏರಿಸುವ ಮಂಚವನ್ನು ಬಿಚ್ಚಿ ತಂದು ಮೇಲೆ ಜೋಡಿಸಬೇಕು. ಗಾಳಿಯ ಹಾಸಿಗೆಯ ಪಂಪಿಗೆ ಬೇರೆ ಪ್ಲಗ್ಗು ಬೇಕು. ಕಪಾಟು ಸರಿಸಿದರೆ ಮಂಚದ ಎರಡೂ ಬದಿ ನಿಲ್ಲಲು ಜಾಗವಾಗುತ್ತದೆ. ಮಗಳು ಎಲ್ಲವನ್ನೂ ಟಿಕೆಟ್ ಕೊಡುವವರ ಚುರುಕಿನಲ್ಲಿ ಬರೆದುಕೊಂಡಳು. ನೋಡಿಕೊಳ್ಳಲು ಒಂದು ಬ್ಯೂರೋದಿಂದ ಮನೆಯಲ್ಲೇ ಉಳಿಯುವ ಮಾವಶಿಯನ್ನು ಗೊತ್ತು ಮಾಡಿದೆ; ಆರೈಕೆಯ ಹೆಂಗಸರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಅನುಭವಸ್ಥೆ, ನಳಿಕೆಯಿಂದ ಉಣಿಸಿ ಗೊತ್ತಿದ್ದವಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಪುಣೆಯಲ್ಲಿ ಕನ್ನಡ ಬರುವ ಮಾವಶಿ ಯಾವ ಬ್ಯೂರೋದಲ್ಲೂ ನನಗೆ ಸಿಗಲಿಲ್ಲ.

ಅದಕ್ಕೆ ನಾನೊಂದು ಉಪಾಯ ಹೇಳಿದೆ. ಅಜ್ಜ ಏನಾದರೂ ಅಂದರೆ ನನಗೆ ಫೋನು ಮಾಡಿರಿ, ಅವರ ಬಾಯಿಯ ಹತ್ತಿರ ಹಿಡಿಯಿರಿ, ನಾನು ಮರಾಠಿಯಲ್ಲಿ ಹೇಳುತ್ತೇನೆ. ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಇಡೀ ಆಸ್ಪತ್ರೆಯಲ್ಲಿ ಅವರ ಮಾತು ತಿಳಿಯುವವಳು ನಾನೊಬ್ಬಳೇ ಎಂಬ ಹೆಮ್ಮೆ.

ಅಜ್ಜ ಮನೆಗೆ ಹೋದ ಮೊದಲ ದಿನ ಹತ್ತು ಹನ್ನೆರಡು ಕರೆ ಬಂದವು. ಸೆಕೆ ಆಗುತ್ತಿದೆ ಎಂದು ಒಂದು, ಕಾಲು ಜೋಮು ಹಿಡಿದಿದೆ ಎಂದು ಇನ್ನೊಂದು. ಬೇರೆ ರೋಗಿಗಳ ಮನೆಯವರ ಜೊತೆ ಮಾತಾಡುತ್ತಲೇ ನಾನು ಅದನ್ನೂ ನಡೆಸಿದೆ. ಎರಡನೇ ದಿನವೂ ನಡೆಯಿತು. ನಾಲ್ಕನೇ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ತಪಾಸಣೆಯವರ ಸಭೆ ಇತ್ತು, ಫೋನಿನ ಸದ್ದು ಅಡಗಿಸಿ ಚೀಲದಲ್ಲಿ ಇಟ್ಟಿದ್ದೆ. ಹೊರಗೆ ಬಂದು ನೋಡಿದಾಗ ಮಾವಶಿಯ ಮೂರು ಕರೆ. ತಿರುಗಿ ಮಾಡಿದೆ. ಅವಳು ಗಾಬರಿಯಲ್ಲಿ ಫೋನನ್ನು ಅಜ್ಜನ ಬಾಯಿಗೆ ಹಿಡಿದಳು. ಮಾತು ಇರಲಿಲ್ಲ. ಎದೆಯೊಳಗೆ ನೀರು ಕುದಿಯುವಂತಹ ಉಸಿರಿನ ಸದ್ದು ಮಾತ್ರ ಕೇಳಿಸಿತು.

ಆ್ಯಂಬುಲೆನ್ಸಿನಲ್ಲಿ ಬಂದರು. ನಳಿಕೆಯಿಂದ ಕೊಟ್ಟ ಹಾಲು ಹೊಟ್ಟೆಯಿಂದ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಿತ್ತು. ನಡೆದದ್ದನ್ನು ಮಾವಶಿ ಅಳುತ್ತ ಹೇಳಿದಳು. ಮಂಚದ ತಲೆಯ ಭಾಗ ಅವಳು ಏರಿಸಿಯೇ ಇದ್ದಳು. ಆದರೆ ಅಜ್ಜ ಜಾರಿ ಜಾರಿ ಮಂಚದ ನಡುವಿಗೆ ಬಂದಿದ್ದರು, ಕುತ್ತಿಗೆ ಮಡಚಿ ಮೈ ಚಪ್ಪಟೆಯಾಗಿತ್ತು. ಉಣಿಸುವ ಹೊತ್ತಿಗೆ ಅವರು ಒಂದೇ ಮಾತನ್ನು ಎಷ್ಟೋ ಸಲ ಅಂದರಂತೆ. ನಾನು ಫೋನು ಎತ್ತಲಿಲ್ಲ. ಹೊತ್ತು ಮೀರುತ್ತಿದೆ ಎಂದು ಅವಳು ಹಾಲು ಬಿಟ್ಟಳು. ಆ ಮಾತು ಏನು ಎಂದು ಕೇಳಿದೆ. ಅವಳಿಗೆ ನೆನಪಿತ್ತು, ಅಷ್ಟು ಸಲ ಕೇಳಿದ್ದಳು.

"ಮ್ಯಾಲ ಜಗ್ಗು," ಅಂದಳು ಮಾವಶಿ, ಅರ್ಥ ತಿಳಿಯದೆ, ಅಕ್ಷರ ಅಕ್ಷರ ಸರಿಯಾಗಿ.

ನನ್ನನ್ನು ಮೇಲೆ ಎಳೆ ಎಂದು ಅವರು ಹೇಳುತ್ತಿದ್ದರು. ಲಕ್ವಾ ಹೊಡೆದ ಮನುಷ್ಯ ತನಗೆ ಬರುವ ಅಪಾಯವನ್ನು ತಾನೇ ಗುರುತಿಸಿ ಎಚ್ಚರಿಸಿದ್ದರು. ತಪ್ಪು ಮಾವಶಿಯದು ಎಂದು ಬರೆಯಬಹುದಿತ್ತು. ಆದರೆ ಒಬ್ಬ ಮನುಷ್ಯನ ಮಾತಿನ ವ್ಯವಸ್ಥೆಯನ್ನು ನಾನು ನನ್ನ ಚೀಲದೊಳಗಿನ ಒಂದು ಫೋನಿನ ಮೇಲೆ ನಿಲ್ಲಿಸಿದ್ದೆ. ಮಂಚ, ಮೆಟ್ಟಿಲು, ಪ್ಲಗ್ಗು ಎಲ್ಲ ಅಳೆದಿದ್ದೆ. ನಾನು ಅವರ ಜೊತೆ ಮನೆಗೆ ಹೋಗುವವಳಲ್ಲ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಗಳಿಗೆ ಇದನ್ನೇ ಹೇಳಿದೆ. ಅವಳು ನನ್ನ ಮೇಲೆ ಸಿಟ್ಟಾಗಿದ್ದರೆ ಹಗುರಾಗುತ್ತಿತ್ತು. ಅವಳು ಐಸಿಯುವಿನ ಗಾಜಿನ ಆಚೆ ನೋಡುತ್ತ, ಈಗ ಮತ್ತೆ ಮನೆಗೆ ಕರೆದೊಯ್ಯಲು ತನಗೆ ಧೈರ್ಯವಿಲ್ಲ ಎಂದಳು.

ಆರನೇ ದಿನ ಜ್ವರ ಇಳಿದು ಅಜ್ಜ ಗಂಡಸರ ಜನರಲ್ ವಾರ್ಡಿಗೆ ಬಂದರು. ಮರುದಿನ ಬೆಳಿಗ್ಗೆ ನಾನು ಅವರನ್ನು ನೋಡಲು ಹೋದಾಗ ಅವರು ನೆಟ್ಟಗೆ ಕುಳಿತಿದ್ದರು. ದಿಂಬುಗಳನ್ನು ಬಲಬದಿಗೆ ಒತ್ತುಕೊಟ್ಟು ಇಡಲಾಗಿತ್ತು, ಬಿದ್ದ ಕೈಯನ್ನು ಇನ್ನೊಂದು ದಿಂಬಿನ ಮೇಲೆ ಮಲಗಿಸಲಾಗಿತ್ತು. ಅಷ್ಟು ಚೆಂದ ಕೂಡಿಸಿದ್ದು ಯಾರು ಎಂದು ನರ್ಸಿಗೆ ಕೇಳಿದೆ. ಅವಳು ಪಕ್ಕದ ಹಾಸಿಗೆಯ ಕಡೆ ಕಣ್ಣು ಮಾಡಿದಳು. ಅಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಕಟ್ಟಡದ ಕೂಲಿ ಮಲಗಿದ್ದ. ಅವನ ಅಕ್ಕ ನೆಲದ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಐವತ್ತರ ಆಜುಬಾಜು, ಯಾದಗಿರಿ ಕಡೆಯವಳು. ನಾನು ಕನ್ನಡದಲ್ಲಿ ಮಾತಾಡಿಸಿದಾಗ ಎದ್ದು ನಿಂತಳು, ಏನೋ ತಪ್ಪು ಮಾಡಿದವಳ ಹಾಗೆ.

"ಮುತ್ಯಾ ಮ್ಯಾಲ ಜಗ್ಗು ಅಂತ ಒದರಲಿಕ್ಕತ್ತಿದ್ದ, ಅಕ್ಕಾರ. ಯಾರೂ ಬರಲಿಲ್ಲ. ನಾನಽ ಜಗ್ಗಿ ಕುಂಡ್ರಿಸಿದೆ," ಅಂದಳು.

ಬೈಯಬೇಡಿ ಎನ್ನುವ ದನಿ. ಹೀಗೆ ಕೂಡಿಸುವುದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. ಅತ್ತೆ ಮೂರು ವರ್ಷ ಹಾಸಿಗೆ ಹಿಡಿದಿದ್ದಳಂತೆ. ಕಟ್ಟಡದ ಕೆಲಸದಲ್ಲಿ ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಈಗ ಮೊಣಕಾಲು ಮಾತು ಕೇಳುತ್ತಿರಲಿಲ್ಲ, ಕೂಲಿಗಳನ್ನು ಒದಗಿಸುವ ಮುಕಾದಮನು ಕೆಲಸಕ್ಕೆ ಕರೆಯುವುದು ಕಡಿಮೆ ಮಾಡಿದ್ದ. ತಮ್ಮನನ್ನು ನೋಡಿಕೊಳ್ಳಲು ಅವನ ಹೆಂಡತಿ ಊರಿಂದ ಮುಂದಿನ ವಾರ ಬರುವವಳಿದ್ದಳು. ಇಷ್ಟು ತಿಳಿದುಕೊಂಡು ನಾನು ನನ್ನ ಕೋಣೆಗೆ ಬಂದು ಕುಳಿತೆ. ಕೇಳಬೇಕೋ ಬೇಡವೋ ಎಂದು ಮಧ್ಯಾಹ್ನದವರೆಗೆ ಯೋಚಿಸಿದೆ. ಆಸ್ಪತ್ರೆಯ ನಿಯಮ ಸ್ಪಷ್ಟವಿತ್ತು: ನಳಿಕೆ ಇರುವ ರೋಗಿಗೆ ತರಬೇತಿಯಾದ ಆಳನ್ನೇ ಕೊಡಬೇಕು. ತರಬೇತಿಯಾದ ಆಳನ್ನು ಕೊಟ್ಟು ಏನಾಯಿತು ಎಂಬುದೂ ಸ್ಪಷ್ಟವಿತ್ತು. ಒಬ್ಬಳಿಗೆ ಕೈಕೆಲಸ ಗೊತ್ತಿತ್ತು, ಮಾತು ಗೊತ್ತಿರಲಿಲ್ಲ. ಇನ್ನೊಬ್ಬಳಿಗೆ ಮಾತು ಗೊತ್ತು. ನಾಲ್ಕೈದು ದಿನದಲ್ಲಿ ಕಲಿಸಬಹುದಾದದ್ದು ಯಾವುದು ಎಂದು ನನ್ನನ್ನೇ ಕೇಳಿಕೊಂಡೆ.

ಅಜ್ಜನ ಮನೆಯಲ್ಲಿದ್ದು ಅವರನ್ನು ನೋಡಿಕೊಳ್ಳುತ್ತೀಯಾ ಎಂದು ಸಂಜೆ ಅವಳನ್ನು ಕೇಳಿದೆ. ಅವಳು ತಟ್ಟನೆ ಒಪ್ಪಲಿಲ್ಲ.

"ಹೇಲು ಉಚ್ಚಿ ಬಳಿಯೂದು ನಂಗ ಹೊಸಾದಲ್ರಿ. ಆದ್ರ ಆ ಮೂಗಿನ ಪೈಪು ನೋಡಿದ್ರ ಎದಿ ನಡಗತದ. ನನ್ನ ಕೈಯಾಗ ಏನರೆ ಆದ್ರ?"

ಹೆದರಿಕೆ ಇದ್ದವಳಿಗೇ ಕಲಿಸಬಹುದು ಎಂದು ನನಗೆ ಅನಿಸಿತು. ಪೂರ್ತಿ ಕಲಿಸಿದ ಮೇಲೆಯೇ ಕಳಿಸುತ್ತೇನೆ ಎಂದಾಗ ಅವಳು ಒಪ್ಪಿದಳು.

ಮೇಟ್ರನ್ ಬಾಯಿ ನನ್ನ ಮಾತನ್ನು ಪೂರ್ತಿ ಕೇಳಿದರು. ಮೂವತ್ತು ವರ್ಷ ವಾರ್ಡು ನಡೆಸಿದ ಹೆಂಗಸು, ದನಿ ಏರಿಸುವವರಲ್ಲ. ಅಕ್ಷರ ಬಾರದ ಕೂಲಿಯ ಕೈಗೆ ನಳಿಕೆ ಕೊಟ್ಟು ನಾಳೆ ಏನಾದರೂ ಆದರೆ ಯಾರ ಹೆಸರು ಬರೆಯಬೇಕು ಎಂದು ಕೇಳಿದರು. ನನ್ನದು ಎಂದೆ. ಅವರು ಒಂದು ಹಾಳೆ ಮುಂದಕ್ಕೆ ತಳ್ಳಿ, ಬರೆದುಕೊಡು ಎಂದರು. ಬರೆದುಕೊಟ್ಟೆ. ಅದರ ಮೇಲೆ ಅವರದೊಂದು ಷರತ್ತು. ಕಲಿಸುವುದು ನಾನು, ಆದರೆ ಪರೀಕ್ಷೆ ಮಾಡುವುದು ವಾರ್ಡಿನ ಹಿರಿಯ ನರ್ಸು. ಯಾರೂ ಏನೂ ನೆನಪು ಮಾಡಿಕೊಡದೆ, ಸತತವಾಗಿ ಆರು ಸಲ, ಒಂದು ಹೆಜ್ಜೆಯೂ ತಪ್ಪದೆ ಉಣಿಸಬೇಕು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ.

ಇನ್ನು ಮಗಳು ಒಪ್ಪಬೇಕಿತ್ತು. ತರಬೇತಿ ಇಲ್ಲ ಎಂದು ಹಿಂಜರಿಯುತ್ತಾಳೆ ಎಂದುಕೊಂಡಿದ್ದೆ. ಅವಳ ತೊಡಕು ಬೇರೆಯಿತ್ತು. ಕಾರಿಡಾರಿನ ಬೆಂಚಿನ ಮೇಲೆ ಟೋಪಿ ಕೈಯಲ್ಲಿ ತಿರುಗಿಸುತ್ತ ಮರಾಠಿಯಲ್ಲಿ ಹೇಳಿದಳು:

"ಸಿಸ್ಟರ್, ಆ ಹೆಂಗಸು ಒಂದು ದಿನದಲ್ಲಿ ನನ್ನ ಅಪ್ಪನ ಜೊತೆ ನಗುತ್ತಾಳೆ. ನಾನು ನನ್ನ ಮನೆಯಲ್ಲೇ ಪಾಸಿಲ್ಲದೆ ಹತ್ತಿದವಳ ಹಾಗೆ ನಿಂತಿರಬೇಕು."

ನಾನು ಒಂದು ಹಾಳೆ ತೆಗೆದುಕೊಂಡೆ. ಅದರ ಮೇಲೆ ಹದಿನೈದು ಕನ್ನಡ ಮಾತುಗಳನ್ನು ಮರಾಠಿ ಲಿಪಿಯಲ್ಲಿ ಬರೆದುಕೊಟ್ಟೆ. ಮ್ಯಾಲ ಜಗ್ಗು, ಮಗ್ಗಲಾ ಹೊಳ್ಳಸು, ನೀರಡಿಕಿ, ಚಳಿ, ಬ್ಯಾನಿ, ಬ್ಯಾಡ, ಸಾಕು. ಪ್ರತಿಯೊಂದರ ಮುಂದೆ ಮರಾಠಿ ಅರ್ಥ. ಅವಳು ಅದನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಳು. ನಂತರ ಒಪ್ಪಿಗೆ ಎಂದಳು.

ಪಾಠ ಶುರುವಾಯಿತು. ಮೊದಲು ನೋಡಬೇಕಾದದ್ದು ನಳಿಕೆ ಜಾಗದಲ್ಲೇ ಇದೆಯೇ ಎಂದು. ಮೂಗಿನ ಹತ್ತಿರ ಅದರ ಮೇಲೆ ಅಂಕಿ ಇರುತ್ತದೆ. ಅವಳಿಗೆ ಅಂಕಿ ಓದಲು ಬರುತ್ತಿರಲಿಲ್ಲ, ನಾನು ಕೆಂಪು ಉಗುರುಬಣ್ಣದಿಂದ ಗೆರೆ ಎಳೆದೆ. ಗೆರೆ ಮೂಗಿನ ಹೊಳ್ಳೆಗೆ ತಾಗಿರಬೇಕು, ಒಂದು ಬೆರಳು ಹೊರಗೆ ಬಂದಿದ್ದರೂ ಹಾಲು ಮುಟ್ಟಬಾರದು. ಆಮೇಲೆ ಸಿರಿಂಜು ಹಚ್ಚಿ ಹಿಂದಕ್ಕೆ ಎಳೆದು ಹೊಟ್ಟೆಯ ರಸ ಬರುತ್ತದೆಯೇ ನೋಡುವುದು. ಆಮೇಲೆ ಸಿರಿಂಜಿನ ದಂಡ ತೆಗೆದು, ಬರಿಯ ಕೊಳವೆಯನ್ನು ಮೇಲೆ ಹಿಡಿದು ಹಾಲು ತಾನಾಗಿ ಇಳಿಯಲು ಬಿಡುವುದು. ಒತ್ತಿ ತುಂಬಬಾರದು. ಕೊನೆಗೆ ನೀರು. ಅರ್ಧ ತಾಸು ಮಲಗಿಸಬಾರದು.

ಎಷ್ಟು ಎತ್ತರ ಹಿಡಿಯಬೇಕು ಎಂಬುದರಲ್ಲಿ ಅವಳು ತಡವರಿಸುತ್ತಿದ್ದಳು. ಎತ್ತರ ಹಿಡಿದರೆ ಬೇಗ ಇಳಿಯುತ್ತದೆ, ತಗ್ಗಿಸಿದರೆ ನಿಧಾನ, ಹೊಟ್ಟೆಗಿಂತ ಕೆಳಗೆ ತಂದರೆ ತಿರುಗಿ ಬರುತ್ತದೆ ಎಂದು ನಾನು ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ಅವಳ ಮುಖ ತಿಳಿಯಾಯಿತು. ಇದು ಲೆವಲ್ ಪೈಪಲ್ಲವೇ ಎಂದಳು. ಗೋಡೆಯ ಎರಡು ತುದಿ ಸಮ ಇವೆಯೇ ನೋಡಲು ಗೌಂಡಿಗಳು ನೀರು ತುಂಬಿದ ಪೈಪು ಹಿಡಿಯುತ್ತಾರೆ, ಅದರ ಒಂದು ತುದಿ ಹಿಡಿದು ಅವಳು ಎಷ್ಟೋ ಬಿಸಿಲು ನಿಂತಿದ್ದಳು. ಅಂದಿನಿಂದ ಎತ್ತರ ತಪ್ಪಲಿಲ್ಲ. ಮೂತ್ರದ ಚೀಲ ಯಾವಾಗಲೂ ಮಂಚಕ್ಕಿಂತ ಕೆಳಗೇ ಇರಬೇಕು ಎಂದು ನಾನು ಹೇಳುವ ಮೊದಲೇ ಅವಳು ಅದನ್ನು ಕೆಳಗೆ ತೂಗುಹಾಕಿದ್ದಳು. ಹಾಸಿಗೆಯಲ್ಲಿದ್ದ ಅಜ್ಜನೂ ಪೈಪಿನ ಮಾತು ಕೇಳಿ ಎಡಗೈಯನ್ನು ಗಾಳಿಯಲ್ಲಿ ಸಮ ಮಾಡಿ ತೋರಿಸಿದರು.

ಪರೀಕ್ಷೆಯ ದಿನ ಹಿರಿಯ ನರ್ಸು ಕೈಕಟ್ಟಿ ನಿಂತಳು. ಮೊದಲ ಸಲ ಸರಿ. ಎರಡನೇದು, ಮೂರನೇದು ಸರಿ. ನಾಲ್ಕನೇ ಸಲ ಅಜ್ಜ ಏನೋ ಹೇಳುತ್ತಿದ್ದರು, ತುಂಡು ತುಂಡಾಗಿ, ತಮ್ಮ ಊರಿನ ಬಾವಿಯ ವಿಷಯ. ಯಾದಗಿರಿಯವಳು ಹೂಂ ಎನ್ನುತ್ತ ಕೇಳುತ್ತ ಗೆರೆ ನೋಡದೆ ಸಿರಿಂಜು ಹಚ್ಚಿಬಿಟ್ಟಳು. ನರ್ಸು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ನಳಿಕೆ ಜಾಗದಲ್ಲೇ ಇತ್ತು, ಏನೂ ಆಗುತ್ತಿರಲಿಲ್ಲ, ಆದರೂ ತಪ್ಪು ತಪ್ಪೇ. ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಯಾವ ಮಾತಿಗಾಗಿ ಅವಳನ್ನು ಆರಿಸಿದ್ದೆನೋ ಅದೇ ಮಾತು ಅವಳ ಕೈ ತಪ್ಪಿಸಿತ್ತು. ಅವಳು ವರಾಂಡಕ್ಕೆ ಹೋಗಿ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಳು, ತನ್ನಿಂದ ಆಗುವುದಿಲ್ಲ, ಬುಟ್ಟಿ ಹೊರುವುದೇ ಲೇಸು ಎಂದಳು. ನಾನು ಪಕ್ಕದಲ್ಲಿ ಕುಳಿತೆ. ಆ ನಾಲ್ಕನೇ ದಿನ ನನ್ನ ಫೋನು ಚೀಲದಲ್ಲಿ ಇದ್ದ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಎದ್ದು ಹೋಗಿ ಅಜ್ಜನ ಮುಂದೆ ನಿಂತಳು.

"ಮುತ್ಯಾ, ಹಾಲು ಹೊಟ್ಟಿಗಿ ಮುಟ್ಟೂತನಕಾ ನೀನೂ ಮಾತಾಡಬ್ಯಾಡ, ನಾನೂ ಮಾತಾಡಂಗಿಲ್ಲ. ಮುಟ್ಟಿದ ಮ್ಯಾಲ ಬಾವಿದು ಹೇಳು."

ಅಜ್ಜ ಬಾಯಿ ಬಿಗಿಹಿಡಿದರು. ಆ ಕರಾರು ಇಬ್ಬರೂ ಪಾಲಿಸಿದರು. ಮೊದಲಿನಿಂದ ಆರು ಸಲ, ಎರಡು ದಿನದಲ್ಲಿ ಮುಗಿಯಿತು. ಹಿರಿಯ ನರ್ಸು ಹಾಳೆಗೆ ಸಹಿ ಹಾಕಿದಳು. ಮೇಟ್ರನ್ ಬಾಯಿ ಅದನ್ನು ನೋಡಿ, ನನ್ನ ಬರಹದ ಕೆಳಗೆ ಸೇರಿಸಿ ಫೈಲಿಗೆ ಹಚ್ಚಿದರು.

ಎರಡನೇ ಸಲ ಮೆಟ್ಟಿಲು ಹತ್ತಿಸುವಾಗ ನಾನೂ ಹಿಂದೆ ಇದ್ದೆ. ಕುರ್ಚಿ ತಿರುವಿನಲ್ಲಿ ಒಮ್ಮೆ ವಾಲಿತು, ಯಾದಗಿರಿಯವಳು ಮೊಣಕಾಲು ನೋವು ಮರೆತು ಕೆಳಗಿನಿಂದ ಹೆಗಲು ಕೊಟ್ಟಳು. ಮೊದಲ ವಾರ ದಿನ ಬಿಟ್ಟು ದಿನ ಹೋದೆ. ಏನಾದರೂ ತಪ್ಪು ಸಿಕ್ಕೀತು ಎಂದು ಹುಡುಕುವವಳ ಹಾಗೆ ಹೋಗುತ್ತಿದ್ದೆ. ಬೆನ್ನು ಒಣಗಿತ್ತು, ಎದೆಯಲ್ಲಿ ಸದ್ದಿರಲಿಲ್ಲ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಲು ಅವಳು ಫೋನಿನಲ್ಲಿ ಗಂಟೆ ಹಚ್ಚಿಸಿಕೊಂಡಿದ್ದಳು. ಮೂರನೇ ವಾರದಲ್ಲಿ ಒಂದು ದಿನ ನಳಿಕೆಯ ಗೆರೆ ಹೊರಗೆ ಬಂದಿತ್ತು. ಅಜ್ಜ ಕೆಮ್ಮುವಾಗ ಜರುಗಿರಬೇಕು. ಅವಳು ಹಾಲು ಕೊಡದೆ, ಒಳಗೆ ತಳ್ಳುವ ಗೋಜಿಗೂ ಹೋಗದೆ, ನನಗೆ ಫೋನು ಮಾಡಿದಳು. ನಾನು ಎತ್ತಿದೆ. ಆ ದಿನಗಳಲ್ಲಿ ಯಾವ ಸಭೆಯಲ್ಲೂ ಫೋನನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ. ನರ್ಸನ್ನು ಕಳಿಸಿ ಸರಿ ಮಾಡಿಸಿದೆವು. ಅಜ್ಜ ಎರಡು ತಾಸು ಹಸಿದಿದ್ದರು, ಅಷ್ಟೇ.

ಮಗಳು ಹಾಳೆಯ ಹದಿನೈದು ಮಾತು ಮುಗಿಸಿ ಮುಂದೆ ಹೋಗಿದ್ದಳು. ಅಪ್ಪ ಹೇಳಿದ ಹೊಸ ಮಾತು ಯಾವುದಾದರೂ ಇದ್ದರೆ ಅದನ್ನು ಬಾಯಲ್ಲಿ ಗುನುಗುತ್ತ ಡ್ಯೂಟಿಗೆ ಹೋಗುತ್ತಿದ್ದಳಂತೆ. ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳು ನಿಲ್ಲುವ ಕಡೆ ಹೋಗಿ, ಅಲ್ಲಿಯ ಕಂಡಕ್ಟರ್ ಯಾರಿದ್ದರೂ ಹಿಡಿದು ಅರ್ಥ ಕೇಳುತ್ತಿದ್ದಳು. ಅವರೂ ತಮ್ಮ ಕಸುಬಿನವಳೇ ಎಂದು ಹೇಳಿಕೊಡುತ್ತಿದ್ದರು. ಒಮ್ಮೆ "ಹಂಬಲ" ಎಂಬ ಮಾತಿಗೆ ಮೂರು ಜನ ಕಂಡಕ್ಟರುಗಳು ಚರ್ಚೆ ಮಾಡಿ ಬಸ್ಸು ತಡವಾಯಿತೆಂದು ಹೇಳಿ ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಜ್ಜನ ಮರಾಠಿ ಮರಳಲಿಲ್ಲ. ಈಗ ಅವರು ಗೋಡೆ ಹಿಡಿದು ಬಾಗಿಲ ತನಕ ಬರುತ್ತಾರೆ. ಯಾದಗಿರಿಯವಳ ಸಲುವಾಗಿ ನನಗೆ ಇನ್ನೆರಡು ಮನೆಯವರು ಕೇಳಿದ್ದಾರೆ, ಅವಳು ಇನ್ನೂ ಹೊರಟಿಲ್ಲ. ನಾನು ಹೇಳಬೇಕೆಂದಿದ್ದು ಏಳನೇ ವಾರದ ಆ ಮಧ್ಯಾಹ್ನದ್ದು.

ಮಾತಿನ ತಜ್ಞೆಯನ್ನು ಕರೆದುಕೊಂಡು ಹೋಗಿದ್ದೆ, ನುಂಗುವುದನ್ನು ಮತ್ತೆ ಪರೀಕ್ಷಿಸಲು. ಜೋಳದ ಹಿಟ್ಟಿನ ಗಂಜಿಯನ್ನು ಗಟ್ಟಿಯಾಗಿ ಕಾಸಿ ಇಟ್ಟಿದ್ದರು. ಅಜ್ಜನನ್ನು ನೆಟ್ಟಗೆ ಕೂಡಿಸಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗಿಸಿ, ತಜ್ಞೆ ಅರ್ಧ ಚಮಚ ಕೊಟ್ಟಳು. ಎರಡು ಬೆರಳು ಗಂಟಲಿನ ಮೇಲೆ ಇಟ್ಟು ಕಾದಳು. ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು. 'ಆ' ಅನ್ನಿರಿ ಎಂದು ನಾನು ಹೇಳಿದೆ. ಅಂದರು. ದನಿ ಸ್ವಚ್ಛವಿತ್ತು, ಒದ್ದೆಯಾಗಿರಲಿಲ್ಲ. ಇನ್ನರ್ಧ ಚಮಚ. ಕೆಮ್ಮಿಲ್ಲ. ಹೀಗೆ ಎಂಟು ಚಮಚ. ತಜ್ಞೆ ಕೈ ಒರೆಸಿಕೊಂಡು, ಹೀಗೇ ಒಂದು ವಾರ ಹೋದರೆ ನಳಿಕೆ ತೆಗೆಯಬಹುದು ಎಂದಳು.

ಅಷ್ಟರಲ್ಲಿ ಮಗಳು ಡ್ಯೂಟಿ ಮುಗಿಸಿ ಬಂದಳು. ಬಾಗಿಲಲ್ಲೇ ನಿಂತು ಚಮಚ ನೋಡಿದಳು, ಅಪ್ಪನ ತುಟಿಗೆ ಅಂಟಿದ ಗಂಜಿ ನೋಡಿದಳು, ನಂತರ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಒಳಗೆ ಬಂದು ಮಂಚದ ಅಂಚಿಗೆ ಕುಳಿತಳು, ಖಾಕಿ ಅಂಗಿಯ ಬೆನ್ನು ಬೆವರಿನಿಂದ ಅಂಟಿತ್ತು. ಅಜ್ಜ ಅವಳನ್ನು ನೋಡುತ್ತಿದ್ದರು. ಬಾಯಿಯ ಒಳ್ಳೆಯ ಬದಿ ಅಲುಗಿತು.

"ನೀ ಉಂಡಿ?"

ನಾನು ಅರ್ಥ ಹೇಳಲು ಬಾಯಿ ತೆರೆದೆ. ಬೇಕಾಗಲಿಲ್ಲ.

"ಉಂಡೆ, ಬಾಬಾ," ಅಂದಳು.

ಅವಳ ಊಟದ ಡಬ್ಬಿ ತೋಳಿನ ಚೀಲದಲ್ಲಿ ಭಾರವಾಗಿ ತೂಗುತ್ತಿತ್ತು, ಮುಚ್ಚಳದ ಮೇಲಿನ ರಬ್ಬರು ಹಾಗೇ ಇತ್ತು. ನನಗೆ ಕಂಡದ್ದು ಯಾದಗಿರಿಯವಳಿಗೂ ಕಂಡಿತ್ತು. ಅವಳು ಗಂಜಿಯ ಬಟ್ಟಲು ಎತ್ತಿಕೊಂಡು ಅಡುಗೆಮನೆಯ ಕಡೆ ನಡೆಯುತ್ತ, ತಿರುಗಿ ನೋಡದೆ ಹೇಳಿದಳು:

"ಕನ್ನಡದಾಗ ಸುಳ್ಳು ಹೇಳಾಕೂ ಬಂತು ನೋಡ್ರಿ ಮುತ್ಯಾನ ಮಗಳಿಗಿ. ಕೈ ತೊಳಕೋರಿ, ತಾಟು ಹಚ್ಚತೀನಿ."